ದೊಡ್ಡಮ್ಮ ಪಾಸು ಮಾಡಿದ ಬ್ಯಾಗು

ಹೊಸ ಬ್ಯಾಗು ಕೊಳ್ಳುವ ಮುಂಚೆ ಹಳೆಯ ಬ್ಯಾಗು ಹೇಗೆ ಸತ್ತಿತೆಂದು ವಿಚಾರಿಸಬೇಕು ಎನ್ನುವುದು ದೊಡ್ಡಮ್ಮನ ಪದ್ಧತಿ. ಶನಿವಾರ ಬೆಳಿಗ್ಗೆ ಗುಬ್ಬಿ ಬಾಗಿಲಲ್ಲೇ ನಿಂತು, "ನಡಿ ದೊಡ್ಡಮ್ಮ, ಅಂಗಡಿ ತೆಗೆದಿರ್ತಾರೆ" ಎಂದು ಅವಸರ ಮಾಡಿದರೆ, ದೊಡ್ಡಮ್ಮ ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ಕನ್ನಡಕ ಒರೆಸಿಕೊಂಡು ಕೂತಳು.

"ಮೊದಲು ಹೆಣ ಇಲ್ಲಿ ಹಾಕು."

ಗುಬ್ಬಿ ದೊಡ್ಡಮ್ಮನ ತಂಗಿಯ ಮಗಳು. ವಯಸ್ಸು ಮೂವತ್ತು ದಾಟಿದ್ದರೂ ಆಳು ಸಣ್ಣ, ನಡಿಗೆ ಪುಟಪುಟ. ಚಿಕ್ಕಂದಿನಲ್ಲಿ ಅಂಟಿದ ಹೆಸರು ಹಾಗೇ ಉಳಿದಿತ್ತು. ಕಿವಿ ಮಂದವಾದವರ ಯಂತ್ರಗಳನ್ನು ಸರಿಹೊಂದಿಸುವುದು ಅವಳ ಕೆಲಸ. ಮನೆ ಬಿಟ್ಟು ಬರಲಾಗದ ಮುದುಕರ ಬಳಿಗೆ ತಾನೇ ಹೋಗಿ, ಅವರ ಕಿವಿಯ ಯಂತ್ರಕ್ಕೆ ತನ್ನ ಲ್ಯಾಪ್‌ಟಾಪಿನಿಂದ ತಂತಿ ಕೊಟ್ಟು, ಅಡುಗೆಮನೆಯ ನಲ್ಲಿ ಬಿಟ್ಟು ನಿಲ್ಲಿಸಿ, ಬಾಗಿಲು ಹಾಕಿ ತೆಗೆದು, ಪಾತ್ರೆ ಕುಟ್ಟಿ, "ಈಗ ಹೇಗೆ ಕೇಳತ್ತೆ? ಜಾಸ್ತಿ ಆಯ್ತಾ?" ಎಂದು ವಿಚಾರಿಸುತ್ತಾ ಒಂದೊಂದು ಎಳೆಯಾಗಿ ಹದ ಮಾಡುತ್ತಿದ್ದಳು. ಆ ಮನೆಯ ಸದ್ದು ಆ ಮನೆಯಲ್ಲೇ ಸಿಗಬೇಕು, ಕಚೇರಿಯಲ್ಲಿ ಕೂತರೆ ಸಿಗುವುದಿಲ್ಲ. ಮುದುಕರೆಲ್ಲ ಅವಳನ್ನು ಡಾಕ್ಟರಮ್ಮ ಎನ್ನುತ್ತಿದ್ದರು. ಅಲ್ಲ ಎಂದು ಎಷ್ಟು ಸಲ ಹೇಳಿದರೂ ಆ ಒಂದು ಮಾತು ಮಾತ್ರ ಅವರ ಕಿವಿಗೆ ಬೀಳುತ್ತಿರಲಿಲ್ಲ.

ಎರಡು ವಾರದ ಹಿಂದೆ, ಮೂರನೇ ಮಹಡಿಯಲ್ಲಿರುವ ಗಡಿಯಾರ ರಿಪೇರಿ ತಾತನ ಮನೆಗೆ ಹೋಗಿ, ಅರ್ಧ ಹದ ಮಾಡಿ, ಉಳಿದದ್ದಕ್ಕೆ ಮರುದಿನ ಬರುತ್ತೇನೆಂದು ಇಳಿಯುವಾಗ ಅವಳ ಬ್ಯಾಗಿನ ಪಟ್ಟಿ ಹೆಗಲಿನಿಂದ ಕಳಚಿಬಿಟ್ಟಿತು. ಬ್ಯಾಗು ಹನ್ನೊಂದು ಮೆಟ್ಟಿಲು ಉರುಳಿತು. ಲ್ಯಾಪ್‌ಟಾಪಿನ ಪರದೆ ಜೇಡರ ಬಲೆಯಾಯಿತು. ಅವಳು ಕೆಲಸ ಮಾಡುವ ಶ್ರವಣ ಕೇಂದ್ರದ ಮುಖ್ಯಸ್ಥೆ ಮೇಡಂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಮೊನ್ನೆ ಹೊಸ ಲ್ಯಾಪ್‌ಟಾಪು ಬಂದಾಗ ಕರೆದು ಹೇಳಿದರು:

"ನೋಡಮ್ಮ, ನಿನ್ನ ಕೆಲಸದ ಬಗ್ಗೆ ಎರಡು ಮಾತಿಲ್ಲ. ಆದ್ರೆ ಇದು ನಿಂಗೆ ಕೊಡ್ತಿರೋ ಎರಡನೇದು. ಮೂರನೇದು ನನ್ನ ಕೈಯಲ್ಲಿಲ್ಲ. ಇದನ್ನ ಯಾವುದರಲ್ಲಿ ಹೊತ್ಕೊಂಡು ಹೋಗ್ತೀಯ ಅಂತ ಸೋಮವಾರ ನಂಗೆ ತೋರಿಸು. ನಂಗೆ ಧೈರ್ಯ ಬಂದ್ರೆ ಸರಿ. ಇಲ್ಲಾಂದ್ರೆ ಮನೆಮನೆ ಕೆಲಸ ಬೇರೆಯವರಿಗೆ ಕೊಟ್ಟು, ನಿನ್ನ ಫೋನಿನ ಮೇಜಿಗೆ ಹಾಕ್ತೀನಿ."

"ಕಿವಿ ಕೇಳದೇ ಇರೋರ ಜೊತೆ ದಿನಾ ಫೋನಲ್ಲಿ ಮಾತಾಡೋದು, ದೊಡ್ಡಮ್ಮ! ಅದಕ್ಕಿಂತ ದೊಡ್ಡ ಶಿಕ್ಷೆ ಇದೆಯಾ?" ಎಂದು ಹೇಳಿಕೊಳ್ಳುವಾಗ ಗುಬ್ಬಿ ನಕ್ಕಿದ್ದಳು. ಆದರೆ ಆ ನಗು ಅರ್ಧಕ್ಕೇ ನಿಂತಿತ್ತು. ಆ ಕೆಲಸ ಹೋದರೆ ತನಗೆ ಸಂಬಳ ಉಳಿಯುತ್ತದೆ, ತಾನು ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ದೊಡ್ಡಮ್ಮನ ಹತ್ತಿರ ಬಂದದ್ದಕ್ಕೆ ಕಾರಣವಿತ್ತು. ದೊಡ್ಡಮ್ಮ ಮೂವತ್ತೊಂದು ವರ್ಷ ಪ್ರಯಾಣದ ಚೀಲ ಹೊಲಿಯುವ ಕಾರ್ಖಾನೆಯಲ್ಲಿದ್ದವಳು. ಹೊಲಿಯುವವಳಲ್ಲ, ಹೊಲಿದದ್ದನ್ನು ನೋಡುವವಳು. ಉದ್ದನೆಯ ಶೆಡ್ಡಿನ ಕೊನೆಯ ಮೇಜು ಅವಳದು, ನಂಬರು ಹದಿನೇಳು. ತಪ್ಪು ಕಂಡಲ್ಲಿ ಕೆಂಪು ಮೇಣದ ಚಾಕ್‌ಪೀಸಿನಿಂದ ಒಂದು ಅಡ್ಡಗೀಟು, ಅದರ ಮೇಲೊಂದು ಉದ್ದಗೀಟು. ಸರಿಯಿದ್ದರೆ ಒಳಗೆ ಯಾರಿಗೂ ಕಾಣದ ಕಡೆ ಒಂದು ಅರ್ಧಚಂದ್ರ, ಕೆಳಗೆ ಹದಿನೇಳು. ನಿವೃತ್ತಿಯ ದಿನ ಕಾರ್ಖಾನೆಯವರು ಕೊಟ್ಟ ಪತ್ರ ಗಾಜಿನ ಚೌಕಟ್ಟಿನಲ್ಲಿ ಮೇಜಿನ ಮೇಲಿನ ಗೋಡೆಯಲ್ಲಿತ್ತು. ಮನೆಯ ಗೋಡೆಗಳಲ್ಲಿ ಇದ್ದದ್ದು ಅದೊಂದೇ. ಯಂತ್ರಗಳ ಗದ್ದಲದಲ್ಲಿ ಅವಳ ಕಿವಿಯೂ ಮಂದವಾಗಿತ್ತು. ಗುಬ್ಬಿಯೇ ಯಂತ್ರ ಕೂರಿಸಿ ಹದ ಮಾಡಿಕೊಟ್ಟಿದ್ದಳು. ಬೇಡದ ಮಾತು ಬಂದರೆ ದೊಡ್ಡಮ್ಮ ತಲೆಕೂದಲು ಸರಿಮಾಡಿಕೊಳ್ಳುವ ನೆಪದಲ್ಲಿ ಅದನ್ನು ಪಟ್ಟೆಂದು ಆರಿಸಿಬಿಡುತ್ತಿದ್ದಳು.

ಹೆಣ ಮೇಜಿನ ಮೇಲೆ ಬಂತು. ದೊಡ್ಡಮ್ಮ ಅದನ್ನು ಒಳಹೊರಗು ತಿರುವಿದಳು. ಮೂಲೆ ಹಿಸುಕಿದಳು. ಪಟ್ಟಿಯನ್ನು ಮೊಣಕೈಗೆ ಸುತ್ತಿ ಜಗ್ಗಿದಳು. ಹತ್ತು ನಿಮಿಷವಾಯಿತು. ಗುಬ್ಬಿ ಕಾಲು ಬದಲಿಸಿ ಕಾಲು ಬದಲಿಸಿ ನಿಂತಳು.

"ಏನಂದ್ರು ನಿಮ್ಮ ಮೇಡಂ? ನೀನು ಹುಷಾರಿಲ್ಲ ಅಂದ್ರಾ?"

"ಅನ್ನಲಿಲ್ಲ. ಅಂದ್ಕೊಂಡ್ರು. ನಾನೂ ಅಂದ್ಕೊಂಡೆ. ಅವತ್ತು ಅವಸರದಲ್ಲಿ ಪಟ್ಟಿ ಸರಿಯಾಗಿ ಸಿಕ್ಕಿಸಿರಲಿಲ್ಲವೇನೋ..."

"ಬಾ ಇಲ್ಲಿ. ಬೆರಳು ಕೊಡು." ಪಟ್ಟಿಯ ಕೊಕ್ಕೆ ಸಿಕ್ಕಿಸುವ ಕಬ್ಬಿಣದ ಬಳೆಯ ಮೇಲೆ ಗುಬ್ಬಿಯ ಬೆರಳಿಟ್ಟು ಮೆಲ್ಲಗೆ ಸುತ್ತಿಸಿದಳು. ಒಂದು ಕಡೆ ಬೆರಳು ತಡವರಿಸಿತು. "ಏನು ಸಿಕ್ತು?"

"ಸಂದು."

"ಇದು ಬಳೆ ಅಲ್ಲ ಕಣೇ, ಬಗ್ಗಿಸಿದ ತಂತಿ. ಬಾಯಿ ಬೆಸೆದೇ ಇಲ್ಲ. ಮೇಲೆ ಬಣ್ಣ ಬಳಿದು ಮುಚ್ಚಿದ್ದಾರೆ. ದಿನಾ ಭಾರ ಬಿದ್ದು ಬಿದ್ದು ಒಂದು ಅಕ್ಕಿಕಾಳಿನಷ್ಟು ಬಾಯಿ ಬಿಟ್ಟಿದೆ. ಅವತ್ತು ಕೊಕ್ಕೆ ಆ ಸಂದಿಗೆ ಬಂತು, ಜಾರಿತು. ನೀನು ಎಷ್ಟು ಸರಿಯಾಗಿ ಸಿಕ್ಕಿಸಿದ್ರೂ ಜಾರ್ತಾ ಇತ್ತು."

ಗುಬ್ಬಿ ಮತ್ತೊಮ್ಮೆ ಬೆರಳು ಸುತ್ತಿಸಿದಳು. ಇನ್ನೊಮ್ಮೆ. ಎರಡು ವಾರದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಒಂದಿಷ್ಟು ಸರಿದಂತಾಯಿತು. ಅಷ್ಟರಲ್ಲಿ ದೊಡ್ಡಮ್ಮ ಒಂದು ಚೀಟಿ ಹರಿದು, ದಪ್ಪ ಅಕ್ಷರದಲ್ಲಿ, 'ಬಳೆಯ ಬಾಯಿ ಬೆಸೆದಿಲ್ಲ. ಹೊತ್ತವರ ತಪ್ಪಲ್ಲ. ತಿರಸ್ಕೃತ. 17' ಎಂದು ಬರೆದು, ಬಳೆಗೆ ದಾರದಿಂದ ಕಟ್ಟಿದಳು.

"ಈಗ ಇದನ್ನೇ ಹೆಗಲಿಗೆ ಹಾಕ್ಕೊಂಡು ನಡಿ. ಮೆಟ್ಟಿಲು ಹತ್ತೋ ಹಾಗೆ ಮಾಡು. ತಾತನ ಮನೆ ಬಾಗಿಲಲ್ಲಿ ಏನು ಮಾಡ್ತೀಯೋ ಅದನ್ನೇ ಮಾಡು."

ಗುಬ್ಬಿ ನಡೆದು ತೋರಿಸಿದಳು. ಶೂ ಬಿಚ್ಚಲು ಬಗ್ಗಿದಾಗ ಹಳೆಯ ಬ್ಯಾಗು ಬೆನ್ನಿನಿಂದ ಸುಯ್ಯೆಂದು ಮುಂದಕ್ಕೆ ಬಂದು ಮೊಣಕಾಲಿಗೆ ಗುದ್ದಿತು.

"ದಿನಾ ಹೀಗೇನಾ?"

"ದಿನಾ. ಅಭ್ಯಾಸ ಆಗಿದೆ."

"ಬ್ಯಾಗಿಗೆ ಅಭ್ಯಾಸ ಆಗಿರಲಿಲ್ಲ" ಎಂದು ದೊಡ್ಡಮ್ಮ ಎದ್ದಳು. ಲ್ಯಾಪ್‌ಟಾಪು ಕಚೇರಿಯಲ್ಲೇ ಇದ್ದುದರಿಂದ ಗುಬ್ಬಿ ಅದರ ಅಳತೆಗೆ ಒಂದು ರಟ್ಟು ಕತ್ತರಿಸಿ ತಂದಿದ್ದಳು. ದೊಡ್ಡಮ್ಮ ಅದನ್ನು ಕಂಕುಳಲ್ಲಿ ಇಟ್ಟುಕೊಂಡು, ಕಪಾಟಿನಿಂದ ಏನನ್ನೋ ತೆಗೆದು ಜೇಬಿಗೆ ಹಾಕಿಕೊಂಡಳು. ಅದೇನೆಂದು ಗುಬ್ಬಿ ಕೇಳಲಿಲ್ಲ. ಕೇಳಬೇಕಿತ್ತು.

ಅಂಗಡಿ ದೊಡ್ಡದು. ಒಂದು ಗೋಡೆ ತುಂಬಾ ಹೆಗಲಿಗೆ ಅಡ್ಡ ಹಾಕುವ ಬ್ಯಾಗುಗಳು, ಹೊಳೆಯುವ ಬಕಲ್ಲುಗಳು, ಒಂದೊಂದಕ್ಕೂ ಒಂದೊಂದು ದೀಪ. ಅಂಗಡಿಯವನು ನಲವತ್ತರ ಆಸುಪಾಸಿನವನು, ಇಸ್ತ್ರಿ ಅಂಗಿ, ಮಾತಿನಲ್ಲಿ ಬೆಣ್ಣೆ.

"ಬನ್ನಿ ಅಮ್ಮ, ಮೆಸೆಂಜರ್ ಬ್ಯಾಗಾ? ಇದು ನೋಡಿ, ನೀರು ಹೋಗಲ್ಲ. ಇದು ನೋಡಿ, ಏಳು ಜೇಬು."

"ಏಳು ಜೇಬು ಯಾಕಪ್ಪ, ಅವಳೇನು ಅಂಗಡಿ ಇಡ್ತಾಳಾ?" ಎಂದು ದೊಡ್ಡಮ್ಮ ಏಳು ಜೇಬಿನದನ್ನು ಪಕ್ಕಕ್ಕಿಟ್ಟಳು. "ನೀನು ಬೇರೆ ಗಿರಾಕಿ ನೋಡು. ನಾವು ನಿಧಾನ."

ಬೇರೆ ಗಿರಾಕಿ ಒಳಗೆ ಬಂದಿದ್ದರಿಂದ ಅವನು ಆ ಕಡೆ ಹೋದ. ಮುಂದಿನ ಅರ್ಧ ಗಂಟೆ ಗುಬ್ಬಿ ಕಣ್ಣರಳಿಸಿ ನೋಡುತ್ತಾ ನಿಂತಳು. ದೊಡ್ಡಮ್ಮ ಕೆಲಸ ಮಾಡುವುದನ್ನು ಅವಳು ಅದುವರೆಗೆ ನೋಡಿಯೇ ಇರಲಿಲ್ಲ, ಅವಳ ಮಾತಿನಲ್ಲಿ ಕೇಳಿದ್ದಳು ಅಷ್ಟೇ. ಮನೆಯಲ್ಲಿ ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲಾ ಹುಡುಕುವ ಹೆಂಗಸು ಇವಳೇನಾ ಎನಿಸಿತು. ಬ್ಯಾಗನ್ನು ಮುಂದಿನಿಂದ ನೋಡಲೇ ಇಲ್ಲ. ಬಾಯಿ ತೆಗೆದು ಒಳಗನ್ನು ಹೊರಗೆ ತಿರುಗಿಸಿ, ಹೊಲಿಗೆಯ ಹಿಂಬದಿಯ ಮೇಲೆ ಹೆಬ್ಬೆರಳು ಓಡಿಸುತ್ತಿದ್ದಳು. ಹೆಬ್ಬೆರಳ ಅಗಲದಲ್ಲಿ ಎಷ್ಟು ಹೊಲಿಗೆ ಎಂದು ತುಟಿಯಲ್ಲೇ ಎಣಿಸುತ್ತಿದ್ದಳು. ಜಿಪ್ಪನ್ನು ಒಂದೇ ಕೈಯಲ್ಲಿ ಹತ್ತು ಸಲ ಎಳೆಯುತ್ತಿದ್ದಳು, ಏಕೆಂದರೆ ಮುದುಕರ ಮನೆಯಲ್ಲಿ ಗುಬ್ಬಿಯ ಇನ್ನೊಂದು ಕೈಯಲ್ಲಿ ತಂತಿ ಇರುತ್ತದೆ. ಪಟ್ಟಿಯನ್ನು ಬಾಗಿಲ ಹಿಡಿಗೆ ನೇತುಹಾಕಿ, ಬ್ಯಾಗಿನ ತಳ ಹಿಡಿದು, ಹಿಂದಕ್ಕೆ ವಾಲಿ ತನ್ನ ಇಡೀ ಭಾರ ಬಿಡುತ್ತಿದ್ದಳು. ಮತ್ತೆ ನಿಂತು, ಎಳೆದ ಜಾಗದ ಮೇಲೆ ಕಣ್ಣು ಮುಚ್ಚಿ ಬೆರಳಿಡುತ್ತಿದ್ದಳು. ಆಗಲೇ ಕೈ ತಲೆಕೂದಲಿನ ಹತ್ತಿರ ಹೋಯಿತು. ಕಿವಿಯ ಯಂತ್ರ ಆರಿತು. ಬೆರಳು ಮಾತಾಡುವಾಗ ಕಿವಿ ಅಡ್ಡ ಬರಬಾರದು ಎನ್ನುವುದು ಅವಳ ಲೆಕ್ಕ.

ಅಷ್ಟು ಹೊತ್ತಿಗೆ ಗುಬ್ಬಿಯ ಫೋನು ಬಡಿದುಕೊಂಡಿತು. ಗಡಿಯಾರ ರಿಪೇರಿ ತಾತ. ತಾತನ ಫೋನೆಂದರೆ ಕಿರುಚಬೇಕು, ಅದಕ್ಕೆ ಅವಳು ಬೀದಿಗೆ ಬಂದಳು.

"ಡಾಕ್ಟರಮ್ಮಾ! ಅವತ್ತು ಅರ್ಧಕ್ಕೆ ಬಿಟ್ಟು ಹೋದ್ರಿ! ಚಮಚ ಬಿದ್ರೆ ಸಿಡಿಲು ಬಿದ್ದ ಹಾಗೆ ಕೇಳತ್ತೆ, ಗಡಿಯಾರ ಮಾತ್ರ ಕೇಳಲ್ಲ! ಯಾವಾಗ ಬರ್ತೀರಿ?"

"ಸೋಮವಾರ ತಾತಾ! ಸೋಮವಾರ!"

"ಯಾವ ವಾರಾ?"

"ಸೋಮವಾರಾ!" ಬೀದಿಯ ಆ ತುದಿಯಲ್ಲಿದ್ದವರಿಗೂ ಸೋಮವಾರ ಎಂದು ಗೊತ್ತಾಯಿತು. ತಾತನಿಗೆ ಗೊತ್ತಾಯಿತೋ ಇಲ್ಲವೋ ತಿಳಿಯಲಿಲ್ಲ. ನಿಜಕ್ಕೂ ಬರುತ್ತೇನೋ ಇಲ್ಲವೋ ಎಂದು ಅವಳಿಗೇ ಗೊತ್ತಿರಲಿಲ್ಲ. ಫೋನಿಟ್ಟು ಒಳಗೆ ಬಂದರೆ ಅಂಗಡಿಯಲ್ಲಿ ಬೇರೆ ಕೂಗಾಟ.

"ಅಮ್ಮಾ! ಏನ್ರೀ ಮಾಡ್ತಾ ಇದೀರಾ! ನಿಲ್ಲಿಸ್ರೀ!"

ಅಂಗಡಿಯವನು ಕೈ ಬೀಸುತ್ತಾ ಓಡಿ ಬರುತ್ತಿದ್ದ. ದೊಡ್ಡಮ್ಮ ಅವನಿಗೆ ಬೆನ್ನು ಹಾಕಿ ಶಾಂತವಾಗಿ ನಿಂತಿದ್ದಳು. ಅವಳ ಕೈಯಲ್ಲಿ ಕೆಂಪು ಮೇಣದ ಚಾಕ್‌ಪೀಸು. ಮೇಜಿನ ಮೇಲೆ ಸಾಲಾಗಿ ಹನ್ನೊಂದು ಬ್ಯಾಗು, ಹನ್ನೊಂದಕ್ಕೂ ಕೆಂಪು ಗುರುತು. ಒಂದಕ್ಕೆ ಮೂಲೆಯಲ್ಲಿ, ಒಂದಕ್ಕೆ ಪಟ್ಟಿಯ ಬುಡದಲ್ಲಿ, ಒಂದಕ್ಕೆ ಜಿಪ್ಪಿನ ಕೊನೆಯಲ್ಲಿ. ಹನ್ನೆರಡನೆಯದರ ಮೇಲೆ ಗೀಟೆಳೆಯಲು ಕೈ ಎತ್ತಿದ್ದಳು.

ಗುಬ್ಬಿ ಓಡಿಹೋಗಿ ದೊಡ್ಡಮ್ಮನ ಕೈ ಹಿಡಿದು, ಕಿವಿಯ ಯಂತ್ರ ಹಾಕಿದಳು. ಅಂಗಡಿಯವನ ಕೂಗೆಲ್ಲ ಒಟ್ಟಿಗೆ ಒಳಗೆ ನುಗ್ಗಿತು. ದೊಡ್ಡಮ್ಮ ತನ್ನ ಕೈ ನೋಡಿಕೊಂಡಳು, ಚಾಕ್‌ಪೀಸು ನೋಡಿಕೊಂಡಳು, ಸಾಲು ನೋಡಿದಳು.

"ಅಯ್ಯೋ... ಬೇಕಂತ ಮಾಡಿದ್ದಲ್ಲಪ್ಪ. ಮೂವತ್ತೊಂದು ವರ್ಷ... ತಪ್ಪು ಕಂಡ ತಕ್ಷಣ ಕೈ ತಾನೇ ಎದ್ದುಬಿಡತ್ತೆ."

"ಕೈ ಎದ್ದುಬಿಡತ್ತಾ! ಮಾರೋ ಮಾಲಮ್ಮ ಇದು! ಒರೆಸಿದ್ರೆ ಹೋಗ್ತಾನೂ ಇಲ್ಲ!"

"ಒರೆಸಿದ್ರೆ ಹೋಗಲ್ಲ" ಎಂದು ದೊಡ್ಡಮ್ಮ ಒಪ್ಪಿಕೊಂಡಳು. "ಹೊಲಿಯೋರು ಒರೆಸಿ ಮತ್ತೆ ನನ್ನ ಮೇಜಿಗೇ ಕಳಿಸಬಾರದು ಅಂತಲೇ ಮೇಣ ಬೆರೆಸ್ತಿದ್ರು. ನೀನು ಮುಟ್ಟಬೇಡ, ಹರಡತ್ತೆ. ಇಸ್ತ್ರಿ ಪೆಟ್ಟಿಗೆ ಇದೆಯಾ? ನಿನ್ನ ಅಂಗಿ ನೋಡಿದ್ರೆ ಇರೋ ಹಾಗಿದೆ."

ಇತ್ತು. ಹಿಂದಿನ ಕೋಣೆಯಲ್ಲಿತ್ತು. ದೊಡ್ಡಮ್ಮ ಕಂದು ಬಣ್ಣದ ಪೊಟ್ಟಣದ ಕಾಗದ ಕೇಳಿದಳು. ಕಾಗದವನ್ನು ಗುರುತಿನ ಮೇಲಿಟ್ಟು, ಇಸ್ತ್ರಿಯ ಬಿಸಿಯನ್ನು ಮಣಿಕಟ್ಟಿಗೆ ಹಿಡಿದು ನೋಡಿ, ಮೆಲ್ಲಗೆ ಒತ್ತಿದಳು. ಎತ್ತಿದಾಗ ಕೆಂಪೆಲ್ಲ ಕಾಗದಕ್ಕೆ ಬಂದಿತ್ತು, ಬ್ಯಾಗು ತೊಳೆದಿಟ್ಟಂತಿತ್ತು. ಅಂಗಡಿಯವನು ಬಿಟ್ಟ ಉಸಿರು ಇಡೀ ಅಂಗಡಿಗೆ ಕೇಳಿಸಿತು.

"ಎಲ್ಲಾ ತೆಗೆದುಕೊಟ್ಟೇ ಹೋಗ್ತೀನಿ. ಕೂತ್ಕೋ."

ಅವನು ಕೂರಲಿಲ್ಲ. ಮುಖ ಗಂಟು ಹಾಕಿಕೊಂಡು ಪಕ್ಕದಲ್ಲೇ ಕಾವಲು ನಿಂತ. ಎರಡನೆಯ ಬ್ಯಾಗಿಗೆ ಬರುವ ಹೊತ್ತಿಗೆ ಅವನಿಗೇ ತಡೆಯಲಾಗಲಿಲ್ಲ.

"ಇದರಲ್ಲಿ ಏನು ತಪ್ಪು ಕಂಡ್ರಿ? ಇದು ನಮ್ಮಲ್ಲಿ ಬಹಳ ಓಡೋ ಮಾಲು."

"ಓಡತ್ತೆ. ವಾಪಸ್ಸೂ ಓಡಿ ಬರಲ್ವಾ? ಇಲ್ಲಿ, ಪಟ್ಟಿಯ ಬುಡ. ಪಟ್ಟಿ ಗಟ್ಟಿ, ಬಟ್ಟೆ ತೆಳು. ಹಿಂದೆ ಒಂದು ತುಂಡು ಇಟ್ಟು ಹೊಲಿದಿಲ್ಲ. ಪಟ್ಟಿ ಹರಿಯಲ್ಲ, ಬಟ್ಟೆಯನ್ನೇ ಕಿತ್ಕೊಂಡು ಬರತ್ತೆ."

ಅಂಗಡಿಯವನು ಹಿಂದಿನ ಕೋಣೆಗೆ ಹೋಗಿ, ಗಿರಾಕಿಗಳು ಹಿಂದಿರುಗಿಸಿದ ಮಾಲಿನ ಡಬ್ಬದಿಂದ ಅದೇ ತರದ ಒಂದು ಬ್ಯಾಗು ತಂದು ಮೇಜಿನ ಮೇಲಿಟ್ಟ. ದೊಡ್ಡಮ್ಮ ಬೆರಳಿಟ್ಟ ಜಾಗದಲ್ಲೇ ಬಟ್ಟೆ ಬಾಯಿ ಬಿಟ್ಟಿತ್ತು.

"ಮತ್ತೆ ಇದು?" ಎಂದು ಮೂರನೆಯದನ್ನು ತಾನೇ ಎತ್ತಿ ಕೊಟ್ಟ. ಈಗ ಅವನ ದನಿಯಲ್ಲಿದ್ದದ್ದು ಜಗಳವಲ್ಲ.

ಗುಬ್ಬಿ ಕಾಗದ ಹಿಡಿದಳು, ದೊಡ್ಡಮ್ಮ ಇಸ್ತ್ರಿ ಒತ್ತಿದಳು, ಅಂಗಡಿಯವನು ಬ್ಯಾಗು ಎತ್ತಿ ಕೊಟ್ಟ. ದೊಡ್ಡಮ್ಮ ಯಾವುದನ್ನೂ ಹೀನಾಯ ಮಾಡಲಿಲ್ಲ. ಇದರ ಜಿಪ್ಪು ಚೆನ್ನಾಗಿದೆ, ಪಾಪ, ಕೊನೆಯಲ್ಲಿ ತಡೆ ಹಾಕೋದು ಮರೆತಿದ್ದಾರೆ. ಇದರ ಬಟ್ಟೆ ಬಂಗಾರದಂಥದ್ದು, ಮೂಲೆಗೆ ಅಂಚುಪಟ್ಟಿ ಕೊಟ್ಟಿಲ್ಲ, ಆರು ತಿಂಗಳಲ್ಲಿ ಇಲಿ ಕಡಿದ ಹಾಗಾಗತ್ತೆ. ಇದನ್ನ ಹೊಲಿದವಳಿಗೆ ಅವತ್ತು ಹುಷಾರಿರಲಿಲ್ಲ ಅಂತ ಕಾಣತ್ತೆ, ಎಡಗಡೆ ನೆಟ್ಟಗಿದೆ, ಬಲಗಡೆ ಹೊಲಿಗೆ ನಿದ್ದೆಗಣ್ಣಲ್ಲಿ ಹೋಗಿದೆ. ಹೀಗೆ ಹೇಳುತ್ತಾ ಹೋದಂತೆ, ಗೋಡೆಯ ಮೇಲೆ ನೇತಾಡುತ್ತಿದ್ದ ಬ್ಯಾಗುಗಳ ಹಿಂದೆ ಕೈಗಳು ಕಾಣತೊಡಗಿದವು ಗುಬ್ಬಿಗೆ. ತಾನು ಕಿವಿಯೊಳಗಿನ ಸದ್ದನ್ನು ಎಳೆಯೆಳೆಯಾಗಿ ಬಿಡಿಸುವ ಹಾಗೆ ಇವಳು ಬಟ್ಟೆಯನ್ನು ಬಿಡಿಸುತ್ತಾಳಲ್ಲ, ಇದನ್ನು ಇಷ್ಟು ವರ್ಷ ಪಕ್ಕದಲ್ಲಿಟ್ಟುಕೊಂಡು ನಾನು ಇವಳ ಕನ್ನಡಕ ಹುಡುಕಿಕೊಟ್ಟೆನಲ್ಲ ಎಂದುಕೊಂಡಳು.

ಹನ್ನೊಂದನೆಯದೂ ಮುಗಿಯಿತು. ದೊಡ್ಡಮ್ಮ ಇಸ್ತ್ರಿಯ ತಂತಿ ಸುತ್ತಿಟ್ಟು, "ತಪ್ಪಾಯ್ತಪ್ಪ, ಹೊಟ್ಟೆಗೆ ಹಾಕ್ಕೋ" ಎಂದು ಏಳಲು ನೋಡಿದಳು. ಬರಿಗೈಯಲ್ಲಿ. ಸೋಮವಾರಕ್ಕೆ ಉಳಿದದ್ದು ಒಂದೇ ದಿನ.

"ತಡೀರಿ ಅಮ್ಮ" ಎಂದ ಅಂಗಡಿಯವನು. ಗಲ್ಲಾ ಮೇಜಿನ ಕೆಳಗೆ ಬಗ್ಗಿ, ಧೂಳು ಹೊಡೆದು, ಒಂದನ್ನು ಎತ್ತಿ ಇಟ್ಟ. ಬೂದಿ ಬಣ್ಣದ ದಪ್ಪ ಕ್ಯಾನ್ವಾಸು. ಹೊಳಪಿಲ್ಲ, ಜೇಬು ಎರಡೇ. "ಇದು ಒಂದು ವರ್ಷದಿಂದ ಇಲ್ಲೇ ಬಿದ್ದಿದೆ. ಯಾರೂ ಕೈಯಲ್ಲೂ ಹಿಡೀಲಿಲ್ಲ. ತೋರಿಸೋಕೂ ನಾಚಿಕೆ. ಆದ್ರೆ ನೀವು ಹೇಳಿದ್ದು ಕೇಳ್ತಾ ಕೇಳ್ತಾ ಇದರ ನೆನಪಾಯ್ತು."

ದೊಡ್ಡಮ್ಮ ಮತ್ತೆ ಕೂತಳು. ಬ್ಯಾಗಿನ ಒಳಗನ್ನು ಹೊರಗೆ ತಂದಳು. ಪಟ್ಟಿಯನ್ನು ಹಿಡಿದು ಬೆರಳಲ್ಲೇ ಅದರ ದಾರಿ ಹಿಡಿದು ಹೊರಟಳು. ಪಟ್ಟಿ ಬ್ಯಾಗಿನ ಬದಿಗೆ ಬಂದು ನಿಲ್ಲಲಿಲ್ಲ. ಬದಿಯಲ್ಲಿ ಇಳಿದು, ತಳದ ಕೆಳಗೆ ಹಾದು, ಆಚೆ ಬದಿಯಲ್ಲಿ ಹತ್ತಿ, ಮತ್ತೆ ಹೆಗಲಿಗೆ ಬಂತು. ಒಂದೇ ಪಟ್ಟಿ. ಕೊಕ್ಕೆ ಇಲ್ಲ, ಬಳೆ ಇಲ್ಲ. ಬ್ಯಾಗು ಪಟ್ಟಿಗೆ ನೇತಾಡುತ್ತಿರಲಿಲ್ಲ, ಪಟ್ಟಿಯ ತೊಡೆಯ ಮೇಲೆ ಕೂತಿತ್ತು. ಬದಿಯಲ್ಲಿ ಸೊಂಟಕ್ಕೆ ಕಟ್ಟುವ ಇನ್ನೊಂದು ಸಣ್ಣ ಪಟ್ಟಿಯೂ ಇತ್ತು.

ದೊಡ್ಡಮ್ಮ ಹೊಲಿಗೆ ಎಣಿಸಿದಳು. ಇನ್ನೊಂದು ಕಡೆ ಎಣಿಸಿದಳು. ಬಾಗಿಲ ಹಿಡಿಗೆ ಹಾಕಿ ವಾಲಿದಳು, ಬಾಗಿಲೇ ಕಿರುಗುಟ್ಟಿತು. ಮತ್ತೆ ಬಂದು ಪಟ್ಟಿಯ ಹೊಲಿಗೆಯ ಮೇಲೆ ಬೆರಳಿಟ್ಟು, ಅದೇ ಜಾಗದಲ್ಲಿ ಹಿಂದೆ ಮುಂದೆ ಆಡಿಸಿದಳು.

"ಏನಾಯ್ತು ದೊಡ್ಡಮ್ಮ?"

"ಇವಳು ಯಾರೋ ಗೊತ್ತಿಲ್ಲ ಕಣೇ. ನೋಡು, ಇಲ್ಲಿ ದಾರ ಮುಗಿದಿದೆ. ಮುಗಿದಲ್ಲೇ ಗಂಟು ಹಾಕಿ ಬಿಟ್ಟಿಲ್ಲ. ಹಿಂದಕ್ಕೆ ಬಂದು, ಹಳೇ ಹೊಲಿಗೆ ಮೇಲೇ ಎಂಟು ಹೊಲಿಗೆ ಹಾಕಿ, ಆಮೇಲೆ ಮುಂದಕ್ಕೆ ಹೋಗಿದ್ದಾಳೆ. ಒಳಗಡೆ. ಯಾರೂ ನೋಡದೇ ಇರೋ ಕಡೆ." ದೊಡ್ಡಮ್ಮ ಆ ಎಂಟು ಹೊಲಿಗೆಯನ್ನು ಮಗುವಿನ ಕೆನ್ನೆ ಸವರಿದಂತೆ ಸವರಿದಳು. "ನನ್ನ ಮೇಜಿಗೆ ಬಂದಿದ್ರೆ ಎದ್ದು ಹೋಗಿ ಅವಳ ಮುಖ ನೋಡ್ಕೊಂಡು ಬರ್ತಿದ್ದೆ."

ಗುಬ್ಬಿ ಅದನ್ನು ಹಾಕಿಕೊಂಡು, ಸೊಂಟದ ಪಟ್ಟಿ ಬಿಗಿದು, ಶೂ ಬಿಚ್ಚುವವಳಂತೆ ಬಗ್ಗಿದಳು. ಬ್ಯಾಗು ಬೆನ್ನು ಬಿಟ್ಟು ಅಲ್ಲಾಡಲಿಲ್ಲ.

"ಹಾಗಾದ್ರೆ ಪಾಸು!" ಎಂದ ಅಂಗಡಿಯವನು.

"ಇನ್ನೂ ಇಲ್ಲ" ಎಂದಳು ದೊಡ್ಡಮ್ಮ. ರಟ್ಟನ್ನು ಒಳಗಿಳಿಸಿದಳು. ಅದರ ಅಂಚು ಬ್ಯಾಗಿನ ತಳಕ್ಕೆ ತಗಲಿ ಟಕ್ ಎಂದಿತು. "ಕೇಳಿಸ್ತಾ? ನಂಗೇ ಕೇಳಿಸ್ತು. ನೆಲಕ್ಕಿಟ್ಟಾಗಲೆಲ್ಲ ಹೀಗೇ ತಳ ಹೊಡೆಯತ್ತೆ. ಇದು ಬರೀ ಬ್ಯಾಗು. ಲ್ಯಾಪ್‌ಟಾಪಿಗೆ ಒಳಗೊಂದು ತೊಟ್ಟಿಲು ಬೇಕು. ಅದು ನನ್ನ ಕೆಲಸ."

ಭಾನುವಾರ ಇಡೀ ದಿನ ಅವಳು ಕೈಯಲ್ಲೇ ಹೊಲಿದಳು. ಹಳೆಯ ಉಣ್ಣೆ ಕೋಟೊಂದನ್ನು ಕತ್ತರಿಸಿ, ಎರಡು ಪದರ ಮಾಡಿ, ನಡುವೆ ಸ್ಪಂಜಿಟ್ಟು ಒಂದು ಚೀಲ. ಅದರ ಬಾಯಿಯನ್ನು ಮಾತ್ರ ಬ್ಯಾಗಿನ ಬಾಯಿಗೆ ಹೊಲಿದು, ತಳವನ್ನು ಎರಡು ಬೆರಳು ಮೇಲೆ ತೂಗಲು ಬಿಟ್ಟಳು. ಬ್ಯಾಗು ನೆಲಕ್ಕೆ ಬಿದ್ದರೂ ಒಳಗಿನದು ನೆಲ ಮುಟ್ಟುವುದಿಲ್ಲ. ಗುಬ್ಬಿ ಸೂಜಿಗೆ ದಾರ ಪೋಣಿಸಿಕೊಟ್ಟಳು, ಟೀ ಮಾಡಿಕೊಟ್ಟಳು, ನಡುನಡುವೆ ಕನ್ನಡಕವನ್ನೂ ಹುಡುಕಿಕೊಟ್ಟಳು.

ಸಂಜೆ ಪರೀಕ್ಷೆ. ಗುಬ್ಬಿ ತರಕಾರಿ ಹೆಚ್ಚುವ ಹಲಗೆ ತಂದಳು.

"ಹಲಗೆ ಒಡೆಯತ್ತಾ?"

"ಇಲ್ಲ."

"ಒಡೆಯದೇ ಇರೋದನ್ನ ಇಟ್ಟು ಬೀಳಿಸಿದ್ರೆ ಅದೆಂಥ ಪರೀಕ್ಷೆ?" ಎಂದು ದೊಡ್ಡಮ್ಮ ಕುರ್ಚಿ ಹತ್ತಿ ಗೋಡೆಯಿಂದ ಗಾಜಿನ ಚೌಕಟ್ಟನ್ನು ಇಳಿಸಿದಳು. ರಟ್ಟಿನ ಮೇಲಿಟ್ಟು ನೋಡಿದಳು, ಅರ್ಧ ಬೆರಳಷ್ಟೇ ವ್ಯತ್ಯಾಸ.

"ದೊಡ್ಡಮ್ಮ, ಅದು ಬೇಡ! ನಿನ್ನ ಹತ್ರ ಇರೋದು ಅದೊಂದೇ."

"ಅದಕ್ಕೇ. ಒಡೆದರೆ ನಂಗೆ ಸಂಕಟ ಆಗಬೇಕು. ಆಗಲೇ ಕೈ ಸರಿಯಾಗಿ ಕೆಲಸ ಮಾಡೋದು. ಅವತ್ತು ಬ್ಯಾಗು ಎಷ್ಟು ಮೆಟ್ಟಿಲು ಉರುಳಿತು?"

"ಹನ್ನೊಂದು."

ಮನೆಯ ಹೊರಗಿನ ಮೆಟ್ಟಿಲುಗಳಲ್ಲಿ ಕೆಳಗಿನಿಂದ ಹನ್ನೊಂದು ಎಣಿಸಿ, ದೊಡ್ಡಮ್ಮ ಬ್ಯಾಗನ್ನು ಹೆಗಲ ಎತ್ತರಕ್ಕೆ ಹಿಡಿದು ಬಿಟ್ಟಳು. ಅದು ಬಿತ್ತು, ಮಗುಚಿತು, ಉರುಳಿತು. ಗುಬ್ಬಿ ಕಣ್ಣು ಮುಚ್ಚಿಕೊಂಡಳು. ತೆಗೆದು ನೋಡಿದರೆ ಗಾಜು ಹಾಗೇ ಇತ್ತು. ಅವಳು ಕುಣಿದಾಡಿದಳು. ದೊಡ್ಡಮ್ಮ ಕುಣಿಯಲಿಲ್ಲ. ಚೌಕಟ್ಟಿನ ಒಂದು ಮೂಲೆ ಉಣ್ಣೆಯ ಮೇಲೆ ಒತ್ತಿದ ಗುರುತು ಬಿಟ್ಟಿತ್ತು. ಮತ್ತೆ ಕೂತು, ನಾಲ್ಕು ಮೂಲೆಗೂ ಇನ್ನೊಂದು ಪದರ ಹೊಲಿದು, ಮತ್ತೆ ಬೀಳಿಸಿದಳು. ಈ ಸಲ ಬೆರಳಿಗೆ ಏನೂ ಸಿಗಲಿಲ್ಲ.

ಜೇಬಿನಿಂದ ಕೆಂಪು ಚಾಕ್‌ಪೀಸು ಬಂತು. ಉಣ್ಣೆಯ ಒಳಮಗ್ಗುಲಲ್ಲಿ ಒಂದು ಅರ್ಧಚಂದ್ರ, ಕೆಳಗೆ ಹದಿನೇಳು.

"ಲ್ಯಾಪ್‌ಟಾಪು ಆಮೇಲೆ ಹಾಕ್ಕೋ. ನಾಳೆ ಈ ಚೌಕಟ್ಟನ್ನೇ ಇಟ್ಕೊಂಡು ಹೋಗು. ನಿಮ್ಮ ಮೇಡಂ ಮಾತನ್ನ ನಂಬಲ್ಲ, ಬೀಳೋದನ್ನ ನಂಬ್ತಾರೆ."

ಸೋಮವಾರ ಮೇಡಂ ಬ್ಯಾಗನ್ನು ನೋಡಿದ ಕೂಡಲೇ ಮೂಗು ಮುರಿದರು.

"ಇದೇನಮ್ಮ, ಸಿಮೆಂಟಿನ ಚೀಲದ ಹಾಗಿದೆ? ಇದಕ್ಕಿಂತ ನೋಡೋಕೆ ಚೆನ್ನಾಗಿರೋದು ಸಿಗಲಿಲ್ವಾ?"

"ಹನ್ನೊಂದು ಸಿಕ್ಕಿತ್ತು ಮೇಡಂ. ಯಾವುದೂ ಪಾಸಾಗಲಿಲ್ಲ" ಎಂದು ಗುಬ್ಬಿ ಪಟ್ಟಿಯನ್ನು ಹೆಗಲಿನಿಂದ ತೆಗೆದು, ಕೈ ಚಾಚಿ, ಬಿಟ್ಟುಬಿಟ್ಟಳು. ಬ್ಯಾಗು ಕಚೇರಿಯ ಕಲ್ಲುನೆಲದ ಮೇಲೆ ಧೊಪ್ಪೆಂದಿತು. ಮೇಡಂ "ಅಯ್ಯೋ!" ಎಂದು ಕುರ್ಚಿಯಿಂದ ಎದ್ದೇಬಿಟ್ಟರು. ಪಕ್ಕದ ಕೋಣೆಯಲ್ಲಿ ಟೈಪು ಮಾಡುವ ಸದ್ದು ನಿಂತಿತು. ಗುಬ್ಬಿ ಬಗ್ಗಿ, ಒಂದೇ ಕೈಯಲ್ಲಿ ಬಾಯಿ ತೆರೆದು, ಚೌಕಟ್ಟನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟಳು. ಗಾಜಿನಲ್ಲಿ ಕಿಟಕಿಯ ಬೆಳಕು ಪೂರ್ತಿಯಾಗಿ, ಒಂದು ಗೀರೂ ಇಲ್ಲದೆ ನಿಂತಿತ್ತು.

ಮೇಡಂ ಮೊದಲು ಗಾಜು ಮುಟ್ಟಿದರು. ಆಮೇಲೆ ಒಳಗಿದ್ದದ್ದನ್ನು ಓದಿದರು. ಹದಿನೇಳನೇ ನಂಬರಿನ ತನಿಖೆಗಾರ್ತಿ, ಮೂವತ್ತೊಂದು ವರ್ಷದ ಸೇವೆ, ಇವರು ಪಾಸು ಮಾಡಿದ ಮಾಲು ಹೊಲಿಗೆಯ ದೋಷಕ್ಕಾಗಿ ಒಂದೂ ಹಿಂದಿರುಗಿಲ್ಲ. ಎರಡು ಸಲ ಓದಿದರು. ಗುಬ್ಬಿ ಹಳೆಯ ಬಳೆಯನ್ನೂ ಅದಕ್ಕೆ ಕಟ್ಟಿದ್ದ ಚೀಟಿಯನ್ನೂ ಪಕ್ಕದಲ್ಲಿಟ್ಟಳು. ಮೇಡಂ ಬಳೆಯ ಸುತ್ತ ಬೆರಳು ಓಡಿಸಿದರು. ಸಂದು ಸಿಕ್ಕ ಕಡೆ ಬೆರಳು ನಿಂತಿತು.

"ಅವತ್ತೇ ಯಾಕೆ ಹೇಳಲಿಲ್ಲ?"

"ನಂಗೇ ಗೊತ್ತಿರಲಿಲ್ಲ ಮೇಡಂ. ನಂದೇ ತಪ್ಪು ಅಂದ್ಕೊಂಡಿದ್ದೆ."

"ನಾನೂ ಹಾಗೇ ಅಂದ್ಕೊಂಡಿದ್ದೆ" ಎಂದರು ಮೇಡಂ, ಸ್ವಲ್ಪ ಸಣ್ಣ ದನಿಯಲ್ಲಿ. ಆಮೇಲೆ ಬೀರುವಿನಿಂದ ಲ್ಯಾಪ್‌ಟಾಪು ತೆಗೆದು, ತಾವೇ ತೊಟ್ಟಿಲಿಗೆ ಇಳಿಸಿ, ಇಳಿಸುವಾಗ ಒಳಗಿನ ಕೆಂಪು ಅರ್ಧಚಂದ್ರ ನೋಡಿ ನಕ್ಕು, ಆ ದಿನ ಹೋಗಬೇಕಾದ ಮನೆಗಳ ಪಟ್ಟಿಯನ್ನು ಕೊಟ್ಟರು.

ಮೊದಲ ಮನೆ ಮೂರನೇ ಮಹಡಿ. ಗುಬ್ಬಿ ಹತ್ತಿದಳು. ಬಾಗಿಲಲ್ಲಿ ಶೂ ಬಿಚ್ಚಲು ಬಗ್ಗಿದಳು, ಬ್ಯಾಗು ಬೆನ್ನಿನ ಮೇಲೆ ಮಲಗಿದ ಮಗುವಿನ ಹಾಗೆ ಸುಮ್ಮನಿತ್ತು. ತಾತನ ಕೋಣೆಯ ನಾಲ್ಕು ಗೋಡೆಯಲ್ಲೂ ಗಡಿಯಾರಗಳು. ತಂತಿ ಕೊಟ್ಟು, ಚಮಚದ ಸಿಡಿಲನ್ನು ಇಳಿಸಿ, ಸಣ್ಣ ಸದ್ದನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಏರಿಸುತ್ತಾ ಹೋದಳು. ತಾತ ತಲೆ ವಾಲಿಸಿ ಕೂತಿದ್ದ. ಒಮ್ಮೆಲೇ ಕೈ ಎತ್ತಿ ತಡೆದ.

"ಆ ಮೂಲೆಯದು. ಕುಂಟ್ತಾ ಇದೆ."

ಗುಬ್ಬಿಗೆ ಏನೂ ಕೇಳಿಸಲಿಲ್ಲ. ಎದ್ದುಹೋಗಿ ಮೂಲೆಯ ಗಡಿಯಾರಕ್ಕೆ ಕಿವಿ ಹಚ್ಚಿ ನಿಂತ ಮೇಲೆ ಕೇಳಿಸಿತು. ಹೌದು, ಕುಂಟುತ್ತಿತ್ತು. ತಾತ ಆಗಲೇ ಭೂತಗನ್ನಡಿ ಹುಡುಕುತ್ತಿದ್ದ.

ಆಗ ಫೋನು ಬಂತು. ದೊಡ್ಡಮ್ಮ.

"ಕೆಲಸ ಉಳೀತು ದೊಡ್ಡಮ್ಮ! ಮೇಡಂ ಏನಂದ್ರು ಗೊತ್ತಾ, ಬ್ಯಾಗು—"

"ಬ್ಯಾಗಿನ ಮಾತು ಬಿಡು, ಅದು ಪಾಸಾಗಿದೆ. ನನ್ನ ಚೌಕಟ್ಟು ಯಾವಾಗ ತರ್ತೀಯ? ಖಾಲಿ ಮೊಳೆ ನೋಡಕ್ಕಾಗ್ತಿಲ್ಲ. ಸಂಜೆನೇ ತಂದುಬಿಡು, ನಾಳೆ ಬೆಳಿಗ್ಗೆ ನಾನು ಮನೇಲಿರಲ್ಲ. ಆ ಅಂಗಡಿ ಹುಡುಗನಿಗೆ ಹೊಸ ಮಾಲು ಬಂದಿದೆಯಂತೆ, ಗೋಡೆಗೆ ಹಾಕೋ ಮುಂಚೆ ಒಂದು ಸಲ ನೋಡಿಹೋಗಿ ಅಂತ ಮನೆವರೆಗೂ ಬಂದು ಕರೆದು ಹೋದ."

"ಚಾಕ್‌ಪೀಸು?"

"ಚಾಕ್‌ಪೀಸು ಮಾತ್ರ ತರಬೇಡಿ ಅಮ್ಮ ಅಂದ."

"ಮತ್ತೆ?"

"ಯಂತ್ರ ಆರಿಸಿದ್ದೆ ಕಣೇ, ಸರಿಯಾಗಿ ಕೇಳಿಸಲಿಲ್ಲ" ಎಂದು ದೊಡ್ಡಮ್ಮ ಫೋನಿಟ್ಟಳು.